ಟಿಲ್ಲಮ್

ಬೂಟಿನ ಪೆಟ್ಟಿಗೆಗಳು, ಒಟ್ಟು ನೂರ ಹನ್ನೊಂದು.
ಒಳಗೆ ಬೂಟಿಲ್ಲ, ಮಾತು.
ಅಂಗೈಯಗಲದ ಚೀಟಿ, ಚೀಟಿಗೊಂದು ಪದ,
ಪದದ ಕೆಳಗೆ ಅದನ್ನಾಡಿದ ಬಾಯಿಯ ಹೆಸರು, ಊರು, ವರ್ಷ.
ಷೆಫೀಲ್ಡಿನ ಆ ಮೂರನೆಯ ಮಹಡಿಯಲ್ಲಿ
ಅವನ್ನು ಅಕಾರಾದಿಗೆ ಜೋಡಿಸುವುದು ನನ್ನ ಕೆಲಸ,
ವಾರಕ್ಕೆ ಎರಡು ಪೌಂಡು, ಜೊತೆಗೆ ಟೀ.

ಹೆಸ್ಟರ್ ರಾಥ್‌ಮೆಲ್. ಬ್ರೆಡ್ಡು ಸುಡುವವನ ಮಗಳು.
ಯಾರ್ಕ್‌ಷೈರಿನ ಕಲ್ಲುಗೋಡೆಗಳ ಕಣಿವೆಯಿಂದ
ವಿದ್ಯಾರ್ಥಿವೇತನ ಹಿಡಿದು ಹೊರಟವರು.
ಪರೀಕ್ಷೆಯಲ್ಲಿ ಎಲ್ಲರಿಗಿಂತ ಮೇಲೆ,
ಪದವಿ ಮಾತ್ರ ಗಂಡಸರಿಗೆ.
ಆಕೆಗೆ ಒಂದು ಕಾಗದ: ಹಾಜರಿದ್ದರು, ಎಂದು.
ಅದಕ್ಕೆ ಚೌಕಟ್ಟು ಹಾಕಿಸಲಿಲ್ಲ, ಹರಿಯಲೂ ಇಲ್ಲ,
ಬೆನ್ನಿಗೆ ಹಳೆಯ ನಾರ್ಸ್ ಕ್ರಿಯಾಪದಗಳ ಪಟ್ಟಿ ಬರೆದರು.
ಹತ್ತು ವರ್ಷದ ಮೇಲೆ ಕರೆದು ಕೊಟ್ಟರಂತೆ ಪದವಿ;
ಅಂದು ಊರಲ್ಲಿ ಕುರಿ ತೊಳೆಯುವ ದಿನ, ಹೋಗಲಾಗಲಿಲ್ಲ.

ಬೇಸಗೆಯ ರಜೆಗೆಲ್ಲ ಸೈಕಲ್ಲು.
ಕುರಿ ಎಣಿಸುವವರ ಹಿಂದೆ, ಹಾಲು ಕರೆಯುವವರ ಪಕ್ಕ,
ಸೀಸದ ಗಣಿಯ ಬಾಗಿಲಲ್ಲಿ ಕೆಮ್ಮುವವರ ಎದುರು
ಪೆನ್ಸಿಲು ಚೂಪು ಮಾಡಿ ಕೂತರು.
ಇದಕ್ಕೇನನ್ನುತ್ತೀರಿ ಎಂದು ಕೇಳಬಾರದು,
ನನಗೆ ಹೇಳಿಕೊಟ್ಟ ಮೊದಲ ಪಾಠ;
ಕೇಳಿದರೆ ಜನ ಪುಸ್ತಕದ ಮಾತಾಡುತ್ತಾರೆ.
ಸುಮ್ಮನೆ ಕೈಯಿಂದ ಏನಾದರೂ ಬೀಳಿಸು,
ಬೈಗುಳದಲ್ಲಿ ಭಾಷೆ ಬರುತ್ತದೆ, ಬರಿಗಾಲಲ್ಲಿ.

ಮೊದಲ ಯುದ್ಧಕ್ಕೆ ಹೋದ ಹುಡುಗರೊಂದಿಗೆ
ಹದಿನಾಲ್ಕು ಪದ ತೀರಿಹೋದವು. ಲೆಕ್ಕ ಇಟ್ಟಿದ್ದರು.
ಎರಡನೆಯದರಲ್ಲಿ, ಬಾಂಬು ಬಿದ್ದ ರಾತ್ರಿ,
ಪೆಟ್ಟಿಗೆಗಳನ್ನು ನೆಲಮಾಳಿಗೆಗೆ ಹೊತ್ತೆವು.
'ಎಸ್' ತಂದೆಯಾ? 'ಎಸ್' ಎಲ್ಲಿ?
ಕತ್ತಲಲ್ಲಿ ಆಕೆ ಕೂಗಿದ್ದು
ಸಂತೆಯಲ್ಲಿ ಕೈತಪ್ಪಿದ ಮಗುವನ್ನು ಕೂಗುವಂತೆ.

ಅಷ್ಟೂ ಚೀಟಿಗಳಲ್ಲಿ ಆಕೆ ಪ್ರೀತಿಸಿದ್ದು ಒಂದನ್ನೇ.
ಟಿಲ್ಲಮ್. ನಾಮಪದ.
ಬ್ರೆಡ್ಡು ತೆಗೆದ ಮೇಲೆ ಒಲೆಯಲ್ಲಿ ಉಳಿಯುವ ಕಾವು.
ಆಡಿದವರು: ಸಾರಾ ರಾಥ್‌ಮೆಲ್, ಕೇರಿಯ ನಾಲ್ವರು ಹೆಂಗಸರು.
ಇದರ ಮೇಲೆ ಆರು ಪುಟದ ಪ್ರಬಂಧ:
ಕಡಲು ದಾಟಿ ಬಂದ ವೈಕಿಂಗರ ಧಾತು, ಸವೆದ ಪ್ರತ್ಯಯ,
ಸಾವಿರ ವರ್ಷ ಬೂದಿಯಡಿ ಕೆಂಡವಾಗಿ ಬಾಳಿದ ಪದ.
ಓಸ್ಲೋದ ಪಂಡಿತರೊಬ್ಬರು ಒಪ್ಪಿ ಬರೆದ ಕಾಗದ
ಮೇಜಿನ ಎಡಗಡೆಯ ಖಾನೆಯಲ್ಲಿತ್ತು.

ಐವತ್ತೆರಡರ ಮಾರ್ಚ್. ಅಣ್ಣ ಆಂಬ್ರೋಸ್ ಬಂದರು,
ಕೋಟಿನ ತುಂಬ ಹಿಟ್ಟಿನ ವಾಸನೆ, ಕಿವಿ ಮಂದ.
ಕರಡಚ್ಚು ಕಣ್ಣಿಗೆ ಬಿತ್ತು. ತುಟಿಯಾಡಿಸುತ್ತ ಓದಿದರು.
ಆಮೇಲೆ ನಕ್ಕರು. ಕೆಮ್ಮು ಬರುವವರೆಗೆ ನಕ್ಕರು.
"ವೈಕಿಂಗರೂ ಇಲ್ಲ, ಗೀಕಿಂಗರೂ ಇಲ್ಲ, ಹೆಟ್ಟಿ.
ನಿನಗಾಗ ಎರಡು ತುಂಬಿತ್ತೋ ಇಲ್ಲವೋ.
ಆರಿದ ಒಲೆಯ ಬಾಯಿಗೆ ಪಾದ ಚಾಚಿ ಕೂತಿದ್ದೆ.
ಎತ್ತಿಕೊಳ್ಳಲು ಬಂದ ಅಮ್ಮನಿಗೆ ಅಂದೆ, ಟಿಲ್ಲಮ್, ಟಿಲ್ಲಮ್.
ಸ್ಟಿಲ್ ವಾರ್ಮ್ ಎನ್ನಲು ನಾಲಿಗೆ ಹೊರಳಲಿಲ್ಲ ನಿನಗೆ.
ಅಮ್ಮ ಆ ಮಾತು ಬಿಡಲೇ ಇಲ್ಲ,
ಅಂಗಡಿಗೆ ಬಂದವರಿಗೂ ಅಂಟಿಸಿದಳು."

ನಾನು ಚೀಟಿಗಳ ಮೇಲೆ ತಲೆ ತಗ್ಗಿಸಿದೆ.
ಗಡಿಯಾರ. ಕೆಳಗೆ ಟ್ರಾಮು.
ಆಕೆ ಮೆಲ್ಲಗೆ, ತರಗತಿಯಲ್ಲಿ ಹೇಳುವಂತೆ:
"ಸಕಾರ ಲೋಪ. ವಕಾರ ಲೋಪ.
ಸ್ವರ ಮೊಟಕು. ಎಲ್ಲವೂ ನಿಯಮದಂತೆಯೇ."
ಕನ್ನಡಕ ತೆಗೆದು, ಒರೆಸದೆ, ಮತ್ತೆ ಹಾಕಿಕೊಂಡರು.

ಅಳಿಸಿಬಿಡಲೇ ಎಂದೆ.
"ಐದು ಜನ ಆಡಿದ್ದಾರೆ. ಅಳಿಸಲು ನೀನ್ಯಾರು, ನಾನ್ಯಾರು?"
ವೈಕಿಂಗರ ಮೇಲೆ ಕೆಂಪು ಶಾಯಿಯ ಗೆರೆ.
ಪಕ್ಕದಲ್ಲಿ ಬರೆದದ್ದನ್ನು ನಾನೇ ಅಚ್ಚಿಗೆ ಒಯ್ದೆ:
ಮೂಲ: ಒಂದು ಕೂಸು, ಸುಮಾರು ೧೮೯೦.
ತಾಯಿ ಉಳಿಸಿದ್ದು.

ಓಸ್ಲೋಗೆ ತಪ್ಪೊಪ್ಪಿಗೆಯ ಕಾಗದ ಮರುದಿನ.
ಆ ಸಂಜೆ ಅಣ್ಣ ತಂದ ಬ್ರೆಡ್ಡನ್ನು ಮೂವರೂ ಮುರಿದು ತಿಂದೆವು.
ರೈಲಿನಲ್ಲಿ ಮೂರು ಗಂಟೆ ಬಂದದ್ದು, ತಣ್ಣಗಾಗಿತ್ತು.
ಹೆಸ್ಟರ್ ರಾಥ್‌ಮೆಲ್ ಅದರ ತಳಕ್ಕೆ ಅಂಗೈಯೊತ್ತಿ
ಏನೋ ಅಂದರು.
ಕೇಳಿಸಲಿಲ್ಲ ನನಗೆ. ಚೀಟಿ ಕೈಯಲ್ಲಿತ್ತು,
ಕೇಳಬಾರದೆಂಬ ಪಾಠ ನೆನಪಿತ್ತು.